ಏಳು ದಿನದ ಕೂಸು

ನಿಪ್ಪಾಣಿಯ ಓದುಗರೊಬ್ಬರು ಹೋದ ವಾರ ಫೋನ್ ಮಾಡಿದ್ದರು. ಪುಣೆಯಲ್ಲಿ ನೌಕರಿ ಮಾಡುವ ಅವರ ತಮ್ಮ, ಅಕ್ಕನ ಮಗಳ ಹುಟ್ಟುಹಬ್ಬಕ್ಕೆಂದು ತೆಳ್ಳನೆಯದೊಂದು ಇಂಗ್ಲಿಷ್ ಪುಸ್ತಕ ಕಳಿಸಿದ್ದಾನೆ. ಪದ್ಯಗಳು, ಪಕ್ಕದಲ್ಲಿ ಗೀಚಿದಂಥ ಚಿತ್ರಗಳು. ಹುಡುಗಿಗೆ ಹತ್ತು ವರ್ಷ. ಹಗಲೆಲ್ಲ ಅದನ್ನು ಓದಿಕೊಂಡು ನಗುತ್ತಾಳಂತೆ, ರಾತ್ರಿ ಮಾತ್ರ ತಾಯಿಯ ಸೆರಗು ಬಿಡುವುದಿಲ್ಲವಂತೆ. “ಅಕ್ಕಾರ, ಇಂಥಾ ಪುಸ್ತಕ ಕೂಸಿನ ಕೈಯಾಗ ಇರಬೇಕೋ, ಇಸಗೊಂಡು ಕಪಾಟಿನ ಮ್ಯಾಲ ಇಡಬೇಕೋ?” ಎಂದು ಕೇಳಿದರು.

ಪುಸ್ತಕದ ಹೆಸರು ಕೇಳಿದ ಮೇಲೆ ಅವರ ಗಾಬರಿ ಅರ್ಥವಾಯಿತು. ಟಿಮ್ ಬರ್ಟನ್ ಎಂಬ ಅಮೆರಿಕದ ಸಿನಿಮಾ ನಿರ್ದೇಶಕ 1997ರಲ್ಲಿ ತಾನೇ ಬರೆದು, ತಾನೇ ಚಿತ್ರ ಬಿಡಿಸಿ ತಂದ ಪುಸ್ತಕ ಅದು. 23 ಪದ್ಯಗಳಿವೆ. ಬಹುತೇಕ ಎಲ್ಲವೂ ಮನೆಗೂ ಓಣಿಗೂ ಹೊಂದದ ಮಕ್ಕಳ ಕಥೆಗಳು. ಒಬ್ಬನ ಕಣ್ಣಿನಲ್ಲಿ ಮೊಳೆ ಹೊಡೆದಿದೆ. ಒಬ್ಬಳ ಮುಖದ ತುಂಬ ಕಣ್ಣು. ಕಟ್ಟಿಗೆಯಂಥ ಹುಡುಗನೊಬ್ಬ ಬೆಂಕಿಕಡ್ಡಿಯಂಥ ಹುಡುಗಿಯನ್ನು ಪ್ರೀತಿಸಿ ಸುಟ್ಟುಹೋಗುತ್ತಾನೆ. ಪುಸ್ತಕಕ್ಕೆ ಹೆಸರು ಕೊಟ್ಟವನು ಸಿಂಪಿಯ ತಲೆ ಹೊತ್ತು ಹುಟ್ಟಿದ ಹುಡುಗ. ಮೈಯೆಲ್ಲ ಸಮುದ್ರದ ವಾಸನೆ. ತಂದೆ ತಾಯಿಗೆ ಅವನನ್ನು ಕಂಡರೆ ನಾಚಿಕೆ. ಕಡೆಗೆ ತಂದೆಯೇ ಅವನನ್ನು ತಿಂದುಬಿಡುತ್ತಾನೆ. ಇಷ್ಟನ್ನೂ ಬರ್ಟನ್ ನಗುನಗುತ್ತ ಪ್ರಾಸ ಹಾಕಿ ಹೇಳುತ್ತಾನೆ. ಓದುವವರಿಗೆ ನಗು ಬರುತ್ತದೆ, ಆಮೇಲೆ ನಕ್ಕದ್ದಕ್ಕೆ ಹೊಟ್ಟೆಯೊಳಗೆ ಕಲ್ಲು ಕೂತಂತಾಗುತ್ತದೆ.

ಇಂಥ ಪ್ರಶ್ನೆ ಈ ಅಂಕಣಕ್ಕೆ ಹೊಸದಲ್ಲ. ಚಿಕ್ಕೋಡಿಯ ಶಿಕ್ಷಕಿಯೊಬ್ಬರು, ರಾಯಬಾಗದ ತಂದೆಯೊಬ್ಬರು ಹಿಂದೆಯೂ ಬರೆದಿದ್ದರು. ಮಕ್ಕಳು ಮೊಬೈಲಿನಲ್ಲಿ ತಲೆಬುರುಡೆಯ, ಹೆಣದ, ಹೊಲಿದ ಬಾಯಿಯ ಗೊಂಬೆಗಳ ಹಾಡು ನೋಡಿ ಖುಷಿಪಡುತ್ತವೆ, ಇದೆಲ್ಲ ಪರದೇಶದ ಕೆಟ್ಟ ಚಾಳಿ, ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಎಂಬುದು ಎಲ್ಲ ಪತ್ರಗಳ ಧಾಟಿ. ಆ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಇಂಥದ್ದು ನಮ್ಮಲ್ಲಿ ಇತ್ತು, ಇನ್ನೂ ಇದೆ. ವರ್ಷಕ್ಕೊಮ್ಮೆ ಬುಟ್ಟಿಯಲ್ಲಿ ಕೂತು ನಮ್ಮ ಬಾಗಿಲಿಗೇ ಬರುತ್ತದೆ.

ನಾನು ಹುಟ್ಟಿ ಬೆಳೆದದ್ದು ಅಥಣಿಯ ಮೂಡಣ ಸೀಮೆಯ ಒಂದು ಸಣ್ಣ ಊರಲ್ಲಿ. ಕೃಷ್ಣೆಯ ದಂಡೆಯ ಊರುಗಳಿಗೆ ಕಬ್ಬು, ಹಸಿರು. ನಮ್ಮ ಕಡೆ ಜೋಳ, ಮೇಲೆ ಆಕಾಶ. ಗಣಪತಿಯ ಹಬ್ಬ ಬಂದು ನಾಲ್ಕು ದಿನಕ್ಕೆ, ಭಾದ್ರಪದದ ಅಷ್ಟಮಿಯ ದಿನ, ಬೆಳಗಿನ ರೊಟ್ಟಿಯ ಹೊತ್ತಿಗೆ ಓಣಿಯ ಬಾಯಲ್ಲಿ ಹಾಡು ಕೇಳುತ್ತಿತ್ತು. ಅಂಬಿಗೇರ ಮನೆತನದ ಮೂವರೋ ನಾಲ್ವರೋ ಹೆಣ್ಮಕ್ಕಳು, ಒಬ್ಬಳ ತಲೆಯ ಮೇಲೆ ಬಿದಿರಿನ ಬುಟ್ಟಿ. ಬುಟ್ಟಿಯ ತುಂಬ ಬೇವಿನ ತಪ್ಪಲು. ಅದರ ನಡುವೆ ಹಸಿ ಮಣ್ಣಿನ ಜೋಕುಮಾರ.

ಅವನ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮೊರದಷ್ಟು ಅಗಲ ಅನ್ನಿಸುವ ಮುಖ. ಗುಡ್ಡೆ ಹೊರಗೆ ಬಿದ್ದಂಥ ಕಣ್ಣು, ಹುರಿಮೀಸೆ, ಯಾವಾಗಲೂ ತೆರೆದೇ ಇರುವ ಬಾಯಿ. ಸೊಂಟದ ಕೆಳಗಿನದನ್ನು ತಪ್ಪಲು ಮುಚ್ಚಿರುತ್ತಿತ್ತು, ಅತ್ತ ನೋಡಬಾರದೆಂದು ದೊಡ್ಡವರು ನಮ್ಮ ಗಲ್ಲ ಹಿಡಿದು ಮುಖ ತಿರುಗಿಸುತ್ತಿದ್ದರು. ಬುಟ್ಟಿ ಕಟ್ಟೆಯ ಮೇಲೆ ಇಳಿದ ಕೂಡಲೆ ನಮ್ಮ ಆಯಿ ಒಳಗಿಂದ ಬೆಣ್ಣೆಯ ಬಟ್ಟಲು ತಂದು, ತೋರುಬೆರಳಿನಿಂದ ಒಂದಿಷ್ಟು ತೆಗೆದು ಆ ತೆರೆದ ಬಾಯಿಗೆ ಹಚ್ಚುತ್ತಿದ್ದಳು. ಬಿಸಿಲಿಗೆ ಬೆಣ್ಣೆ ಕರಗಿ ಗದ್ದದ ಮೇಲೆ ಇಳಿಯುತ್ತಿತ್ತು. ಹತ್ತು ಮನೆ ತಿರುಗುವಷ್ಟರಲ್ಲಿ ಎದೆಯವರೆಗೆ ಜಿಡ್ಡು ಇಳಿದು ಮಣ್ಣು ಕಪ್ಪಾಗಿ ಹೊಳೆಯುತ್ತಿತ್ತು. ಆಯಿ ಮೊರದಲ್ಲಿ ಜೋಳ, ಉಪ್ಪು, ಒಣ ಮೆಣಸಿನಕಾಯಿ, ಹುಣಸೆಹಣ್ಣು ಇಟ್ಟು ಕೊಡುವಳು. ಅವರು ತಿರುಗಿ ಬೇವಿನ ಎಸಳು, ಚಿಟಿಕೆ ಕಾಡಿಗೆ, ಒಂದು ಹಿಡಿ ನುಚ್ಚು ಕೊಡುವರು. ನುಚ್ಚನ್ನು ಹೊಲದಲ್ಲಿ ಚರಗ ಚೆಲ್ಲಿದರೆ ಬೆಳೆಗೆ ಹುಳ ಬೀಳುವುದಿಲ್ಲ ಎಂದು ನಂಬಿಕೆ.

ಹಾಡಿನ ಕಥೆ ಊರಿಂದ ಊರಿಗೆ ಅಷ್ಟಿಷ್ಟು ಬದಲಾಗುತ್ತದೆ. ನಮ್ಮ ಕಟ್ಟೆಯ ಮೇಲೆ ನಾನು ಕೇಳಿದ್ದು ಇದು. ಅಷ್ಟಮಿಗೆ ಹುಟ್ಟಿದ ಕೂಸು ದಿನದಿಂದ ದಿನಕ್ಕೆ ಬೆಳೆದು ಗಂಡಸಾಗುತ್ತದೆ. ಊರ ತುಂಬ ಅಲೆಯುತ್ತದೆ, ಯಾರ ಮಾತಿಗೂ ಸಿಗುವುದಿಲ್ಲ, ಹೆಣ್ಣುಮಕ್ಕಳ ಹಿಂದೆ ಬೀಳುತ್ತದೆ. ಕಡೆಗೆ ಅಗಸರ ಹೆಣ್ಣಿನ ಮೇಲೆ ಕಣ್ಣು ಹಾಕಿ, ಅಗಸರ ಕೈಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೊಡೆತ ತಿಂದು ಸಾಯುತ್ತದೆ. ಒಟ್ಟು ಏಳು ದಿನದ ಆಯುಷ್ಯ. ಹುಣ್ಣಿಮೆಯ ರಾತ್ರಿ ಊರು ಮಲಗಿದ ಮೇಲೆ ಮೂರ್ತಿಯನ್ನು ಒಯ್ದು ಒನಕೆಯಿಂದ ಕುಟ್ಟಿ ಹಳ್ಳದ ಪಾಲು ಮಾಡುತ್ತಾರೆ. ಅದನ್ನು ಮಕ್ಕಳು ನೋಡುವಂತಿಲ್ಲ, ಹಾಡು ಮಾತ್ರ ಕೇಳಬಹುದು. ಮರುದಿನದಿಂದ ಮೂರು ದಿನ ಅಗಸರು ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ, ಸತ್ತವನಿಗೆ ದಿನ ಮಾಡುತ್ತಾರೆ. ಹಾಡಿನಲ್ಲಿ ಕೊಂದವರೇ ಹೊರಗೆ ಸೂತಕ ಹಿಡಿಯುತ್ತಾರೆ. ಈ ಮೂರು ದಿನದ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ನನ್ನ ಚಿಕ್ಕಪ್ಪನ ಮಗನೊಬ್ಬನಿದ್ದ. ಮಾತು ತಡವಾಗಿ ಬಂತು, ಬಂದದ್ದೂ ತೊದಲು. ದೊಡ್ಡ ಕಣ್ಣು, ಬಾಯಿ ಸದಾ ತೆರೆದದ್ದು, ಅಂಗಿಯ ಎದೆ ಯಾವಾಗಲೂ ಜೊಲ್ಲಿನಿಂದ ಒದ್ದೆ. ಓಣಿಯ ಹುಡುಗರು ಅವನನ್ನು ಜೋಕಪ್ಪ ಎಂದೇ ಕರೆಯುತ್ತಿದ್ದರು. ಅವನು ಹೋದಲ್ಲೆಲ್ಲ ಹಿಂದೆ ನಾಲ್ಕು ಹುಡುಗರು, ನಾಲ್ಕು ಕಲ್ಲು. ನಾನೂ ಆ ಹೆಸರು ಹಿಡಿದು ಕೂಗಿದ್ದುಂಟು, ಅದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಒಂದು ವರ್ಷ ಅಷ್ಟಮಿಯ ಬುಟ್ಟಿ ನಮ್ಮ ಕಟ್ಟೆಯ ಮೇಲೆ ಇಳಿದಾಗ ಅವನೂ ಅಲ್ಲಿದ್ದ. ಮಣ್ಣಿನ ಮುಖವನ್ನೇ ನೋಡುತ್ತ ನಿಂತ. ತನ್ನ ಬಾಯಿ ಮುಟ್ಟಿಕೊಂಡ, ಮತ್ತೆ ಅದರ ಬಾಯಿ ನೋಡಿದ. ಹುಡುಗರು ನಗಲು ಶುರು ಮಾಡಿದರು. ಬುಟ್ಟಿ ಹೊತ್ತು ಬಂದಿದ್ದ ಹಿರಿಯಳು ಹಾಡು ನಿಲ್ಲಿಸಿ, ಆಯಿಯ ಕೈಯ ಬೆಣ್ಣೆಯ ಬಟ್ಟಲು ಇಸಗೊಂಡು ಅವನ ಕೈಗೆ ಕೊಟ್ಟಳು. “ಬಾ ನನ್ನಪ್ಪಾ, ನೀ ಹಚ್ಚು” ಅಂದಳು. ಅವನು ಬೆರಳ ತುಂಬ ತೆಗೆದು ಹಚ್ಚಿದ. ಅವಳು ಮಿಕ್ಕ ಬೆಣ್ಣೆಯನ್ನು ಅವನ ತುಟಿಗೆ ಸವರಿ, ಹಾಡನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು. ಅಷ್ಟಾದ ಮೇಲೆ ಅವನನ್ನು ಯಾರೂ ಕಾಡಲಿಲ್ಲ ಎಂದು ಬರೆದರೆ ಸುಳ್ಳಾದೀತು. ಕಾಡಿದರು. ಆದರೆ ಅವನಿಗೆ ವರ್ಷಕ್ಕೆ ಒಂದು ದಿನ ಕಟ್ಟೆಯ ಮೇಲೆ ಒಂದು ಕೆಲಸ ಗೊತ್ತಾಯಿತು. ಅಷ್ಟಮಿ ಯಾವಾಗ ಎಂದು ಶ್ರಾವಣದಿಂದಲೇ ಕೇಳಲು ಶುರು ಮಾಡುತ್ತಿದ್ದ.

ಈಗ ಪರದೇಶದ ಪುಸ್ತಕಗಳ ಕಡೆ ಬರೋಣ. ಬರ್ಟನ್ ಬರೆದದ್ದಕ್ಕೆ ಹಿರಿಯರಿದ್ದಾರೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹೈನ್‌ರಿಷ್ ಹಾಫ್‌ಮನ್ ಎಂಬ ವೈದ್ಯ 1844ರ ಕ್ರಿಸ್‌ಮಸ್‌ಗೆ ತನ್ನ ಮೂರು ವರ್ಷದ ಮಗನಿಗೆ ಚಿತ್ರದ ಪುಸ್ತಕ ಕೊಳ್ಳಲು ಪೇಟೆಗೆ ಹೋದ. ಅಂಗಡಿಯಲ್ಲಿ ಸಿಕ್ಕದ್ದೆಲ್ಲ ಉದ್ದುದ್ದ ಉಪದೇಶ. ಬೇಸರಪಟ್ಟು ಖಾಲಿ ನೋಟುಬುಕ್ಕು ಕೊಂಡು ತಂದು ತಾನೇ ಪದ್ಯ ಬರೆದು ಚಿತ್ರ ಬಿಡಿಸಿದ. ಮರುವರ್ಷ ಅದು ಅಚ್ಚಾಯಿತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಎಂದು ಪುಸ್ತಕದ ಮೇಲೇ ಬರೆದಿತ್ತು. ಒಳಗೆ ನೋಡಿದರೆ ಬೆರಳು ಚೀಪುವ ಹುಡುಗನ ಹೆಬ್ಬೆರಳುಗಳನ್ನು ದರ್ಜಿ ದೊಡ್ಡ ಕತ್ತರಿಯಿಂದ ಕಚಕ್ಕೆಂದು ಕತ್ತರಿಸುತ್ತಾನೆ. ಕಡ್ಡಿ ಗೀರಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ಸೂಪು ಒಲ್ಲೆನೆಂದು ಹಟ ಮಾಡಿದ ದುಂಡನೆಯ ಹುಡುಗ ದಿನಕ್ಕಿಷ್ಟು ಕರಗಿ ಐದನೆಯ ದಿನಕ್ಕೆ ಗೋರಿ ಸೇರುತ್ತಾನೆ. ಉಪದೇಶ ಬೇಡವೆಂದು ಶುರುವಾದ ಪುಸ್ತಕ ತಿರುಗಿ ಉಪದೇಶಕ್ಕೇ ಬಂತು, ಅದೂ ರಕ್ತ ಸುರಿಸಿಕೊಂಡು. ನನಗೆ ಈ ಪುಸ್ತಕದ ಚಿತ್ರ ಇಷ್ಟ, ಮನಸ್ಸು ಇಷ್ಟವಿಲ್ಲ. ಇಲ್ಲಿ ಸಾಯುವ ಮಗುವಿಗೆ ತಪ್ಪಿನ ಪಟ್ಟಿ ಕಟ್ಟಿ ಕಳಿಸುತ್ತಾರೆ. ಸುಟ್ಟುಹೋದ ಹುಡುಗಿಗೆ ಅಳುವವು ಎರಡು ಬೆಕ್ಕುಗಳು ಮಾತ್ರ.

ಅಮೆರಿಕದ ಎಡ್ವರ್ಡ್ ಗೋರಿ 1963ರಲ್ಲಿ ಇಂಗ್ಲಿಷ್ ಅಕ್ಷರಮಾಲೆಯ ಒಂದು ಪುಟ್ಟ ಪುಸ್ತಕ ಮಾಡಿದ. ಅಕ್ಷರಕ್ಕೊಂದರಂತೆ 26 ಮಕ್ಕಳು, ಅಕ್ಷರಕ್ಕೊಂದು ಸಾವು. ಕಪ್ಪು ಮಸಿಯ ಸಣ್ಣ ಸಣ್ಣ ಗೆರೆಗಳಲ್ಲಿ ಕತ್ತಲೆ ತುಂಬಿದ ಕೋಣೆಗಳು, ಒಂಟಿ ಮಕ್ಕಳು. ಇಲ್ಲಿ ಮಕ್ಕಳು ತಪ್ಪು ಮಾಡಿ ಸಾಯುವುದಿಲ್ಲ, ಸುಮ್ಮನೆ ಸಾಯುತ್ತಾರೆ. ಹಾಫ್‌ಮನ್ ಹಾಕಿದ ತಪ್ಪಿನ ಪಟ್ಟಿಯನ್ನು ಗೋರಿ ಕಿತ್ತು ಹಾಕಿದ. ಮೂವತ್ತನಾಲ್ಕು ವರ್ಷದ ನಂತರ ಬಂದ ಬರ್ಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಗುವಿನ ಮೇಲಿದ್ದ ಬೆಳಕನ್ನು ಮನೆಯ ಕಡೆ ತಿರುಗಿಸಿದ. ಸಿಂಪಿಯ ಹುಡುಗನ ಪದ್ಯ ಓದಿ ಮುಗಿಸಿದಾಗ ನಮಗೆ ವಿಕಾರವಾಗಿ ಕಾಣುವುದು ಆ ಹುಡುಗನ ತಲೆಯಲ್ಲ, ಅವನ ತಂದೆ ತಾಯಿಯ ನಡತೆ. ಮೂರೂ ಪುಸ್ತಕ ಕತ್ತಲೆಯವೇ. ಆದರೆ ಒಂದೇ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕುವಂಥವಲ್ಲ. ಮಗು ಸತ್ತಾಗ ಪದ್ಯ ಯಾರ ಕಡೆ ನೋಡುತ್ತದೆ ಎಂದು ನಾನು ಮೊದಲು ನೋಡುತ್ತೇನೆ.

ನಮ್ಮ ಜೋಕುಮಾರನ ಹಾಡು ಎಲ್ಲಿ ನೋಡುತ್ತದೆ? ಗಣಪತಿ ಚೌತಿಗೆ ಬರುತ್ತಾನೆ, ಕಡಬು ಹೋಳಿಗೆ ಉಂಡು, ಮೆರವಣಿಗೆ ಮಾಡಿಸಿಕೊಂಡು ಹಿಂದಿರುಗುತ್ತಾನೆ. ಭೂಮಿಯ ಮೇಲೆ ಎಲ್ಲ ಸುಖವಾಗಿದ್ದಾರೆ ಎಂದು ಶಿವ ಪಾರ್ವತಿಯರಿಗೆ ವರದಿ ಒಪ್ಪಿಸುತ್ತಾನೆ. ಅವನು ಕಂಡದ್ದು ಅಷ್ಟೇ. ಜೋಕುಮಾರ ತಿರುಗಿದ್ದು ಕೇರಿ ಕೇರಿ, ತಿಂದದ್ದು ಬಡವರ ಮನೆಯ ನುಚ್ಚು, ಕಡೆಗೆ ತಿಂದದ್ದು ಒನಕೆಯ ಪೆಟ್ಟು. ಅವನು ಹೋಗಿ, ಹೊಲ ಒಣಗಿವೆ, ದನಗಳಿಗೆ ಮೇವಿಲ್ಲ, ಜನ ಬಾಯಿ ಬಿಡುತ್ತಿದ್ದಾರೆ ಎಂದು ಇದ್ದದ್ದು ಇದ್ದಂತೆ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಮನೆಯವರಿಗೆ ಬೇಡವಾದ, ಮುಖ ನೋಡಿದರೆ ಮಕ್ಕಳು ಚೀರುವ, ಊರಿನವರೇ ಹೊಡೆದು ಕೊಂದ ಕೂಸು ಊರಿನ ಪರವಾಗಿ ಮಾತಾಡುತ್ತದೆ. ಅದಕ್ಕೇ ಅಗಸರ ಕಲ್ಲು ಮೂರು ದಿನ ಒಣಗಿರುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ. ಕೊಂದದ್ದು ಸರಿ ಎಂದು ಹಾಡು ಎಲ್ಲಿಯೂ ಹೇಳುವುದಿಲ್ಲ. ಅವನು ಒಳ್ಳೆಯವನಾಗಿದ್ದ ಎಂದೂ ಹೇಳುವುದಿಲ್ಲ. ಪುಂಡಾಟ ಇದ್ದದ್ದು ನಿಜ, ಸತ್ತದ್ದಕ್ಕೆ ಅಳುವುದೂ ನಿಜ. ಎರಡನ್ನೂ ಒಂದೇ ಕೊರಳಿನಲ್ಲಿ ಹಾಡಲು ನಮ್ಮ ಹೆಣ್ಮಕ್ಕಳಿಗೆ ಬರುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ರಾಯಬಾಗ, ಅಥಣಿಯ ದಂಡೆಯ ಊರುಗಳು ನೀರಲ್ಲಿ ನಿಂತವು. ಸೆಪ್ಟೆಂಬರ್ ಮೊದಲ ವಾರ ಅಷ್ಟಮಿ. ಗೋಡೆಯ ಮೇಲೆ ನೀರಿನ ಗೆರೆ ಇನ್ನೂ ಹಸಿ ಇದ್ದ ಕಾಗವಾಡ ಕಡೆಯ ಒಂದು ಊರಲ್ಲಿ ಬುಟ್ಟಿ ಹೊತ್ತ ಮುದುಕಿಯೊಬ್ಬಳನ್ನು ಕಂಡೆ. ಮಳೆಗಾಗಿ ಹಾಡುವ ಹಾಡನ್ನು ಈ ವರ್ಷ ಹೇಗೆ ಹಾಡುತ್ತೀಯವ್ವಾ ಎಂದು ಕೇಳಿದೆ. “ಹೋಗಿ ಸಾಕು ಅಂತ ಹೇಳಪಾ ಅಂತ ಕಳಸ್ತೀವಿ. ಖರೇ ಹೇಳಾಂವ ಅವನೊಬ್ಬನ ಅಲ್ಲೇನವ್ವಾ” ಅಂದಳು.

ನಿಪ್ಪಾಣಿಯ ಆ ತಾಯಿಗೆ ಜೋಕುಮಾರ ಅಷ್ಟು ಪರಿಚಯವಿರಲಿಲ್ಲ. ಮನೆಯಲ್ಲಿ ಮರಾಠಿ ಮಾತು. ಹಾಗಾದರೆ ಹಾದಗಾ ಹಾಡಿದ್ದೀರಲ್ಲ ಎಂದೆ. ನವರಾತ್ರಿಯ ದಿನಗಳಲ್ಲಿ ಕೊಲ್ಹಾಪುರ, ಸಾಂಗ್ಲಿ ಕಡೆಯಂತೆ ಗಡಿಯ ಇತ್ತ ಕಡೆಯೂ ಹುಡುಗಿಯರು ಆನೆಯ ಚಿತ್ರ ಇಟ್ಟು ಸುತ್ತ ಕೈ ಹಿಡಿದು ತಿರುಗುವ ಆಟ. ಹಸ್ತ ನಕ್ಷತ್ರದ ಮಳೆಯ ಹಬ್ಬ ಅದು, ಆನೆ ಎಂದರೆ ಮಳೆ. ಆ ಹಾಡುಗಳಲ್ಲಿ ಒಬ್ಬ ಹುಚ್ಚ ಬರುತ್ತಾನೆ. ಹೆಂಡತಿ ಉಂಡಿ ಕಟ್ಟಿಟ್ಟರೆ ಚೆಂಡು ಎಂದುಕೊಂಡು ಆಡುತ್ತಾನೆ, ಕರ್ಚಿಕಾಯಿ ಕರಿದಿಟ್ಟರೆ ದೋಣಿ ಎಂದು ನೀರಿಗೆ ಬಿಡುತ್ತಾನೆ. ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಕೊನೆಗೆ ಮಲಗಿದ ಹೆಂಡತಿಯನ್ನು ನೋಡಿ ಸತ್ತಳೆಂದು ತಿಳಿದು ಸುಟ್ಟೇ ಬಿಡುತ್ತಾನೆ. ಅದಕ್ಕೂ ನಗುತ್ತಾರೆ. ಆರು ವರ್ಷದಿಂದ ಹಾಡಿದವರು ಫೋನಿನ ಆಚೆ ಒಂದು ಗಳಿಗೆ ಮಾತಾಡಲಿಲ್ಲ. “ಹೌದಲ್ರೀ, ನಾವು ಅದನ್ನ ಹಾಡಿ ಖಿರಾಪತ ತಿಂದು ಮನೀಗೆ ಬರ್ತಿದ್ವಿ” ಎಂದರು. ಖಿರಾಪತ ಎಂದರೆ ಹಾಡು ಮುಗಿದ ಮೇಲೆ ಹಂಚುವ ತಿನಿಸು, ಡಬ್ಬಿ ಅಲ್ಲಾಡಿಸಿ ಒಳಗೇನಿದೆ ಎಂದು ಮಕ್ಕಳು ಊಹಿಸಬೇಕು. ಗೊತ್ತಿಲ್ಲದ ಗಂಡನ ಮನೆಗೆ ಹೋಗಬೇಕಾದ ಹುಡುಗಿಯರು ತಮ್ಮ ದೊಡ್ಡ ಹೆದರಿಕೆಯನ್ನು ಗೆಳತಿಯರ ಕೈ ಹಿಡಿದು ನಗುತ್ತ ಹಾಡಿಕೊಳ್ಳುತ್ತಿದ್ದರು. ಒಬ್ಬಳೇ ಕೂತು ನೆನೆದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಅಚ್ಚಾದ ಕನ್ನಡದಲ್ಲೂ ಹುಡುಕಬೇಕಾದದ್ದಿಲ್ಲ. ಕುವೆಂಪು ಅವರ ಕಿಂದರಿಜೋಗಿಯ ಹಿಂದೆ ಬೊಮ್ಮನಹಳ್ಳಿಯ ಮಕ್ಕಳೆಲ್ಲ ಕುಣಿಯುತ್ತ ಹೋಗಿ ಬೆಟ್ಟದೊಳಗೆ ಮಾಯವಾಗುತ್ತಾರೆ. ನಡೆಯಲಾರದ ಒಬ್ಬ ಹುಡುಗ ಹಿಂದೆ ಉಳಿಯುತ್ತಾನೆ. ಶಾಲೆಯಲ್ಲಿ ನಾವು ಇಲಿಗಳ ಹೆಸರನ್ನು ತಾಳಕ್ಕೆ ಕೂಗಿ ಖುಷಿಪಟ್ಟೆವು, ಆ ಹುಡುಗನ ಹತ್ತಿರ ಯಾವ ಗುರುಗಳೂ ನಿಲ್ಲಲಿಲ್ಲ. ಚಿಕ್ಕೋಡಿಯ ಮಗ್ಗುಲಿನ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಮಾತ್ರ ಜೋಕುಮಾರನನ್ನು ಬಿಡಲಿಲ್ಲ. 1972ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಮಕ್ಕಳಿಲ್ಲದ ಗೌಡ, ಉಳುವ ಬಸಣ್ಣ, ಹೊಲ, ಹೆಣ್ಣು ಎಲ್ಲವನ್ನೂ ಈ ಏಳು ದಿನದ ಸಾವಿನ ಸುತ್ತ ಕಟ್ಟಿದರು. ಆದರೆ ಅದು ದೊಡ್ಡವರ ನಾಟಕ. ಮಕ್ಕಳಿಗಾಗಿ, ಚಿತ್ರ ಬರೆದು, ಜೋಕುಮಾರನ ಹಾಡಿನ ಒಂದು ಚಂದದ ಪುಸ್ತಕ ಬೇಕೆಂದು ನನಗೆ ಬಹಳ ಆಸೆ. ಆ ಮುಖಕ್ಕಿಂತ ಒಳ್ಳೆಯ ಚಿತ್ರ ಯಾವ ಚಿತ್ರಕಾರನಿಗೆ ಸಿಕ್ಕೀತು?

ಈಗ ಆ ತಾಯಿಗೆ ಹೇಳಿದ್ದನ್ನು ಹೇಳುತ್ತೇನೆ. ಪುಸ್ತಕ ಇಸಗೊಳ್ಳಬೇಡಿ, ಹುಡುಗಿಯ ಪಕ್ಕದಲ್ಲಿ ಕೂತು ನೀವೂ ಓದಿ. ಸಿಂಪಿಯ ಹುಡುಗನ ಪದ್ಯದಲ್ಲಿ ಗಂಡ ಹೆಂಡಿರ ನಡುವಿನ ಮಾತು ಬರುತ್ತದೆ, ಅದು ಹತ್ತು ವರ್ಷಕ್ಕೆ ಬೇಡ, ಅದೊಂದನ್ನು ಇನ್ನೂ ನಾಲ್ಕು ವರ್ಷ ಕಳೆದು ಓದಲಿ. ಉಳಿದವುಗಳಲ್ಲಿ ಯಾವ ಮಗು ಅವಳಿಗೆ ಹೆಚ್ಚು ಇಷ್ಟ, ಆ ಮಗು ನಿಮ್ಮ ಓಣಿಗೆ ಬಂದರೆ ಎಲ್ಲಿ ಆಡಿಸುತ್ತಾಳೆ ಎಂದು ಕೇಳಿ. ರಾತ್ರಿ ಹೆದರಿದರೆ ಸೆರಗು ಕೊಡಿ, ಸೆರಗು ಇರುವುದೇ ಅದಕ್ಕೆ. ಹೆದರಿಸಿ ಉಣಿಸುವ, ಹೆದರಿಸಿ ಮಲಗಿಸುವ ಗುಮ್ಮನ ಮಾತನ್ನು ಮಾತ್ರ ಬಿಡಿ. ಗುಮ್ಮ ಮಗುವನ್ನು ಒಂಟಿ ಮಾಡುತ್ತಾನೆ, ಜೋಕುಮಾರ ಹಾಗೆ ಮಾಡುವುದಿಲ್ಲ.

ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಮಗಳು ಮುಖದ ತುಂಬ ಕಣ್ಣಿರುವ ಹುಡುಗಿಯನ್ನು ಆರಿಸಿಕೊಂಡಿದ್ದಾಳೆ. ತನ್ನ ತರಗತಿಯಲ್ಲಿ ದಪ್ಪ ಗಾಜಿನ ಚಾಳೀಸು ಹಾಕುವ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ಎಲ್ಲರೂ ಡಬ್ಬಿ ಎನ್ನುತ್ತಾರೆ, ಈ ಪುಸ್ತಕ ಅವಳಿಗೆ ಒಂದು ದಿನ ಓದಲು ಕೊಡಲೇ ಎಂದು ಕೇಳಿದ್ದಾಳೆ. ತಾಯಿ ಏನು ಹೇಳಬೇಕೆಂದು ನನ್ನನ್ನು ಕೇಳಿದರು. ಕೊಡುವ ಮೊದಲು ಆ ಹುಡುಗಿಯನ್ನು ಮನೆಗೆ ಕರೆದು ಇಬ್ಬರಿಗೂ ಊಟ ಹಾಕಿ, ಪುಸ್ತಕವನ್ನು ಇಬ್ಬರೂ ಕೂಡಿ ಓದಲಿ ಎಂದೆ. ಒಬ್ಬಳೇ ಓದಿದರೆ ಇದೂ ಒಂದು ಅಡ್ಡಹೆಸರು ಎಂದುಕೊಂಡಾಳು.

ನಮ್ಮ ಊರಲ್ಲಿ ಬುಟ್ಟಿ ಹೊರುವ ಮನೆಗಳು ಈಗ ಒಂದೋ ಎರಡೋ. ಹಾಡು ಬಲ್ಲ ಹಿರಿಯರಿಗೆ ಮೊಣಕಾಲು ನೋವು, ಸೊಸೆಯಂದಿರಿಗೆ ಕೂಲಿ ಬಿಟ್ಟು ಏಳು ದಿನ ತಿರುಗಲು ಆಗುವುದಿಲ್ಲ. ತಿರುಗಿದರೂ ಎಷ್ಟೋ ಮನೆಗಳಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಮಕ್ಕಳು ಹೆದರುತ್ತಾವೆ ಮುಂದ ಹೋಗವ್ವಾ ಎನ್ನುತ್ತಾರೆ. ಚೌತಿಗೆ ಸಾವಿರಗಟ್ಟಲೆ ವರ್ಗಣಿ ಕೊಡುವ ಮನೆಗಳೇ ಅವು. ಚೌತಿಯಿಂದ ನಾಲ್ಕನೆಯ ದಿನ ಅಷ್ಟಮಿ. ಹಿಂದಿನ ರಾತ್ರಿ ಒಂದಿಷ್ಟು ಬೆಣ್ಣೆ ತೆಗೆದಿಡಿ, ಮೊರದಲ್ಲಿ ಜೋಳ ಇರಲಿ. ಹಾಡು ಕೇಳಿದಾಗ ಮಕ್ಕಳನ್ನು ಒಳಗೆ ಕಳಿಸದೆ ಕಟ್ಟೆಗೆ ಕರೆದುಕೊಂಡು ಬನ್ನಿ. ಬಟ್ಟಲನ್ನು ಅವರ ಕೈಗೇ ಕೊಡಿ.